ಸಂತೆಯ ಕೊಸರು, ಅಂಗಡಿಯ ರಿಯಾಯಿತಿ

ತೊಗರಿ ರಾಶಿ ಮುಗಿದು ಮಾಲು ಅಡತಿಗೆ ಹೋದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರ ಕೈಯಲ್ಲಿ ರೊಕ್ಕ ಆಡುತ್ತದೆ. ವರ್ಷದ ಬಟ್ಟೆಬರೆ, ಪಾತ್ರೆ, ಹೊದಿಕೆ, ಮದುವೆಯ ಜವಳಿ ಎಲ್ಲವೂ ಅದರಲ್ಲೇ ಆಗಬೇಕು. ಮುಂದಿನ ರಾಶಿಯವರೆಗೆ ಕಾಯಬೇಕಾದ ಕುಟುಂಬಕ್ಕೆ ಒಂದು ಕೆಟ್ಟ ಖರೀದಿಯೂ ಭಾರವೇ. ಅಗ್ಗದ ಆಸೆಗೆ ಮುಗ್ಗಲು ಜೋಳ ತಂದವನ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ.

ಸಂತೆಯ ವ್ಯಾಪಾರಕ್ಕೆ ತನ್ನದೇ ಕಟ್ಟಳೆಯಿದೆ. ಬೆಳಿಗ್ಗೆ ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ವ್ಯಾಪಾರಿ ಒಪ್ಪುವುದಿಲ್ಲ. ಸಂಜೆಯಾದರೆ ಉಳಿದ ಕಾಯಿಪಲ್ಯೆ ಹೊತ್ತು ಮರಳುವುದಕ್ಕಿಂತ ಬಂದಷ್ಟಕ್ಕೆ ಕೊಡುವುದೇ ಮೇಲು. ಚೌಕಾಶಿ ಮುಗಿದ ಮೇಲೂ ಒಂದು ಹಿಡಿ ಕೊಸರು ಕೇಳುವುದು ಗಿರಾಕಿಯ ಹಕ್ಕು. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಈಗಿನ ಫಲಕ ಈ ಕೊಸರಿನ ತಮ್ಮನೆಂದರೆ ತಪ್ಪಾಗದು. ಒಂದೇ ವ್ಯತ್ಯಾಸವೆಂದರೆ ಕೊಸರನ್ನು ಕೇಳಿ ಪಡೆಯಬೇಕು, ಉಚಿತದ ಬೆಲೆಯನ್ನು ಮೊದಲೇ ಸೇರಿಸಿರಲು ಸಾಧ್ಯ.

ಗಡಿ ದಾಟಿ ಕೊಳ್ಳುವುದೂ ಇಲ್ಲಿಗೆ ಹಳೆಯ ಮಾತು. 1948ರವರೆಗೆ ಈ ಮೂರೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಜವಳಿ ಗಿರಣಿಗಳ ಸೊಲ್ಲಾಪುರ ಮುಂಬೈ ಪ್ರಾಂತದಲ್ಲಿತ್ತು. ಸಂಸ್ಥಾನದ್ದು ಹಾಲಿ ಸಿಕ್ಕಾ ರೂಪಾಯಿ, ಅತ್ತ ಬ್ರಿಟಿಷರ ಕಲ್ದಾರ್. ಸುಮಾರು 7 ಹಾಲಿ ಸಿಕ್ಕಾಕ್ಕೆ 6 ಕಲ್ದಾರ್ ಸಮ. ಇಲ್ಲಿ 10 ಹಾಲಿ ರೂಪಾಯಿಯ ಸೀರೆ ಅಲ್ಲಿ 8 ಕಲ್ದಾರ್‌ಗೆ ಸಿಕ್ಕರೆ 2 ರೂಪಾಯಿ ಉಳಿದಂತೆ ತೋರುತ್ತದೆ. ವಿನಿಮಯದ ಲೆಕ್ಕ ಹಾಕಿದರೆ ಉಳಿಯುವುದು ಮುಕ್ಕಾಲು ರೂಪಾಯಿಗೂ ಕಡಿಮೆ. ಅದರ ಮೇಲೆ ಕರೋಡಗಿರಿ ನಾಕಾದ ಸುಂಕ, ದಾರಿಖರ್ಚು ಬೇರೆ. ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೋಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಒಂದೇ ಸರಕಿಗೆ ಗಡಿಯ ಎರಡೂ ಕಡೆ ಒಂದೇ ತೆರಿಗೆ. ಬಸ್ ಚಾರ್ಜು ಮತ್ತು ಕಳೆದುಕೊಂಡ ದಿನದ ಕೂಲಿ ಮಾತ್ರ ಇಂದಿಗೂ ಲೆಕ್ಕಕ್ಕೆ ಸೇರಬೇಕು.

ಚೌಕಾಶಿಯಿಲ್ಲದ ‘ಒಂದೇ ದರ’ ದೊಡ್ಡದಾಗಿ ಬೆಳೆದದ್ದು ಪ್ಯಾರಿಸ್ಸಿನ ಬೋ ಮಾರ್ಶೆ ಮಳಿಗೆಯಲ್ಲಿ. 1852ರಲ್ಲಿ ಅದರ ಪಾಲುದಾರನಾದ ಆರಿಸ್ಟೀಡ್ ಬೂಸಿಕೊ ಸರಕಿಗೆ ಬೆಲೆಚೀಟಿ ಅಂಟಿಸಿದ. ಕಡಿಮೆ ಲಾಭ, ಹೆಚ್ಚು ಮಾರಾಟ ಎಂಬುದು ಅವನ ಸೂತ್ರ. 1962ರಲ್ಲಿ ಅಮೆರಿಕದ ಸಣ್ಣ ಊರೊಂದರಿಂದ ಹೊರಟ ವಾಲ್‌ಮಾರ್ಟ್ ಅದೇ ಸೂತ್ರವನ್ನು ಹಿಗ್ಗಿಸಿತು. ನಮ್ಮಲ್ಲಿ 2001ರಲ್ಲಿ ಬಿಗ್ ಬಜಾರ್, 2002ರಲ್ಲಿ ಡಿ-ಮಾರ್ಟ್ ಬಂದವು.

ರಿಯಾಯಿತಿಗೆ ಕಾಲವೂ ಇದೆ. ಆಷಾಢದಲ್ಲಿ ಮದುವೆಗಳಿಲ್ಲ, ಜವಳಿ ಅಂಗಡಿಗಳು ಖಾಲಿ. ಶ್ರಾವಣದ ಹೊಸ ಮಾಲಿಗೆ ಜಾಗ ಮಾಡಲು ಹಳೆಯ ಮಾಲನ್ನು ಇಳಿದ ಬೆಲೆಗೆ ಕೊಡುತ್ತಾರೆ. ಮುಂದಿನ ಮದುವೆಗೆ ಸೀರೆ ಬೇಕಾದವರಿಗೆ ಇದು ಸುಸಮಯ. ಮಡಿಕೆ, ಹೊಲಿಗೆ, ಅಂಚು ನೋಡಿಕೊಂಡರೆ ಸಾಕು.

ಕಾನೂನಿನ ಬಲವೂ ಗ್ರಾಹಕನಿಗಿದೆ. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಕೊಡಬಹುದು. ‘ಗರಿಷ್ಠ’ವೇ ನಿಜವಾದ ಬೆಲೆಯೆಂದು ತಿಳಿದು ಅದರ ಮೇಲಿನ ಸೋಡಿಗೆ ಮರುಳಾಗುವುದರಲ್ಲೇ ಬಹುಜನ ಎಡವುತ್ತಾರೆ. ದೊಡ್ಡ ಪೊಟ್ಟಣವೂ ಯಾವಾಗಲೂ ಅಗ್ಗವಲ್ಲ. ಗ್ರಾಂ ಇಲ್ಲವೆ ಕಿಲೋ ಲೆಕ್ಕದ ದರ ಮುದ್ರಿಸಬೇಕೆಂದು 2021ರ ತಿದ್ದುಪಡಿ ಹೇಳಿದೆ, ಅದನ್ನು ಹೋಲಿಸಬೇಕು. ಇಲ್ಲದ ರಿಯಾಯಿತಿಯ ಜಾಹೀರಾತು ಕೊಡುವುದು, ಬಿಲ್ ಕೊಡದಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ಅಂಗಡಿಯವರು ಒಲ್ಲೆನ್ನುವಂತಿಲ್ಲ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಫಲಕಕ್ಕೆ ಇಲ್ಲಿ ಬೆಲೆಯಿಲ್ಲ.

ಬೇಕಾದ ಸಾಮಾನಿನ ಚೀಟಿ ಬರೆದುಕೊಂಡು ಹೋಗುವುದು, ಎರಡು ಅಂಗಡಿಯಲ್ಲಿ ದರ ಕೇಳುವುದು, ಬಿಲ್ ತೆಗೆದಿಡುವುದು ಹಳೆಯ ಉಪಾಯಗಳೇ. ಬೇಡದ ವಸ್ತುವನ್ನು ಅರ್ಧ ಬೆಲೆಗೆ ಕೊಂಡವರಿಗೆ ಉಳಿದ ಅರ್ಧ ಲಾಭವಾಗುವುದಿಲ್ಲ. ಕೊಟ್ಟ ಅರ್ಧ ಮಾತ್ರ ಹೋಗಿರುತ್ತದೆ.