ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳ ಕಡ್ಡಾಯ ಹಾಜರಾತಿ ಅವಧಿಗಳು: ಪ್ರಯಾಣದ ಪೂರ್ವಸಿದ್ಧತೆ

ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಪದವಿಗೆ ಪ್ರವೇಶ ಪಡೆಯುವ ನಾಗರಿಕರಲ್ಲಿ ಅನೇಕರು ಇಡೀ ವ್ಯಾಸಂಗವನ್ನು ಮನೆಯಿಂದಲೇ ಪೂರೈಸಬಹುದೆಂದು ಭಾವಿಸಿರುತ್ತಾರೆ. ವಾಸ್ತವದಲ್ಲಿ ಬಹುತೇಕ ಶಿಕ್ಷಣಕ್ರಮಗಳಲ್ಲಿ ವಿದ್ಯಾರ್ಥಿಯು ಖುದ್ದಾಗಿ ಹಾಜರಾಗಲೇಬೇಕಾದ ದಿನಗಳಿರುತ್ತವೆ. ಸಂಪರ್ಕ ತರಗತಿ, ಪ್ರಯೋಗಾಲಯ ಅಭ್ಯಾಸ, ಕಾರ್ಯಾಗಾರ, ಪರೀಕ್ಷೆ ಇವು ಅವುಗಳಲ್ಲಿ ಮುಖ್ಯವಾದವು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎರಡು ವರ್ಷಗಳ ಬಿ.ಇಡಿ. ಶಿಕ್ಷಣಕ್ರಮದಲ್ಲಿ ವರ್ಷಕ್ಕೊಂದರಂತೆ 12 ದಿನಗಳ ಎರಡು ಕಾರ್ಯಾಗಾರಗಳನ್ನು ನಿಗದಿಪಡಿಸಲಾಗಿದೆ. ಮದ್ರಾಸ್ ಐಐಟಿಯು 2020ರಲ್ಲಿ ಪ್ರಕಟಿಸಿದ ಡೇಟಾ ಸೈನ್ಸ್ ಪದವಿಯ ಪಾಠಗಳು ಆನ್‌ಲೈನ್‌ನಲ್ಲಿ ನಡೆದರೂ ಪರೀಕ್ಷೆಗಳನ್ನು ನಿಗದಿತ ಕೇಂದ್ರಗಳಲ್ಲಿ ಖುದ್ದಾಗಿ ಬರೆಯಬೇಕಾಗುತ್ತದೆ. ಅದೇ ಸಂಸ್ಥೆಯು 2023ರಲ್ಲಿ ಆರಂಭಿಸಿದ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ಪದವಿಯ ಪ್ರಯೋಗಾಲಯ ವಿಷಯಗಳಿಗೆ ಚೆನ್ನೈನ ಆವರಣಕ್ಕೇ ಹೋಗಬೇಕು.

ಹಾಜರಾತಿ ಕೊರತೆಯಾದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಆ ವಿಷಯದ ಪರೀಕ್ಷೆಗೆ ಅವಕಾಶ ದೊರೆಯುವುದಿಲ್ಲ. ಮುಂದಿನ ತಂಡದವರೆಗೆ, ಅನೇಕ ವೇಳೆ ಒಂದು ಪೂರ್ಣ ವರ್ಷ, ಕಾಯಬೇಕಾಗುತ್ತದೆ. ಶುಲ್ಕ ಪಾವತಿಸಿ, ಪಾಠಗಳನ್ನು ಓದಿ, ಅಸೈನ್‌ಮೆಂಟ್‌ಗಳನ್ನು ಸಲ್ಲಿಸಿದವರೂ ಬಸ್ಸು ತಪ್ಪಿದ ಕಾರಣಕ್ಕೆ ವರ್ಷವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ ಪ್ರಯಾಣವನ್ನು ವ್ಯಾಸಂಗದ ಒಂದು ಭಾಗವೆಂದೇ ಪರಿಗಣಿಸುವುದು ಸೂಕ್ತ.

ಅಧ್ಯಯನ ಕೇಂದ್ರದ ಆಯ್ಕೆ

ಪ್ರಯಾಣಕ್ಕೆ ಸಂಬಂಧಿಸಿದ ಅತ್ಯಂತ ಮಹತ್ವದ ತೀರ್ಮಾನವನ್ನು ಅಭ್ಯರ್ಥಿಯು ಪ್ರವೇಶದ ಅರ್ಜಿಯಲ್ಲಿಯೇ, ಅನೇಕ ಬಾರಿ ಅರಿವಿಲ್ಲದೆ, ಕೈಗೊಂಡಿರುತ್ತಾನೆ. ಅಧ್ಯಯನ ಕೇಂದ್ರ ಅಥವಾ ಪ್ರಾದೇಶಿಕ ಕೇಂದ್ರವನ್ನು ನಮೂದಿಸುವ ಅಂಕಣವೇ ಅದು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯಕ್ಕೆ ರಾಜ್ಯದಲ್ಲಿ ಬೆಂಗಳೂರು ಮತ್ತು ವಿಜಯಪುರಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೂ ಜಿಲ್ಲೆಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಆದರೆ ಹತ್ತಿರದ ಕೇಂದ್ರವಿದ್ದ ಮಾತ್ರಕ್ಕೆ ಎಲ್ಲ ಅವಧಿಗಳೂ ಅಲ್ಲಿಯೇ ನಡೆಯುವುವೆಂದು ತಿಳಿಯಬಾರದು. ಪ್ರಯೋಗಾಲಯದ ಅಗತ್ಯವಿರುವ ವಿಷಯಗಳು ಎಲ್ಲಿ ನಡೆಯುತ್ತವೆ ಎಂಬುದನ್ನು ಶುಲ್ಕ ಪಾವತಿಸುವ ಮೊದಲೇ ಕೇಂದ್ರದಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು. ವೇಳಾಪಟ್ಟಿಯಲ್ಲಿ ನಮೂದಾದ ಸ್ಥಳವೇ ಅಂತಿಮ.

ಹೊರಡುವ ದಿನವನ್ನು ಲೆಕ್ಕ ಹಾಕುವ ಕ್ರಮ

ಹಾಜರಾಗಬೇಕಾದ ಗಂಟೆಯಿಂದ ಹಿಂದಕ್ಕೆ ಎಣಿಸುತ್ತಾ ಬರುವುದು ಸರಿಯಾದ ಕ್ರಮ. ಉದಾಹರಣೆಗೆ, ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ಸೋಮವಾರ ಬೆಳಿಗ್ಗೆ 10 ಗಂಟೆಗೆ ಮೈಸೂರಿನಲ್ಲಿ ಹಾಜರಾಗಬೇಕಾಗಿದೆ ಎಂದಿಟ್ಟುಕೊಳ್ಳೋಣ. ಬೀದರಿನಿಂದ ಮೈಸೂರು 800 ಕಿಲೋಮೀಟರಿಗೂ ಹೆಚ್ಚು ದೂರ. ಭಾನುವಾರ ರಾತ್ರಿ ಬೀದರಿನಲ್ಲಿ ಹತ್ತಿದರೆ ಸೋಮವಾರ ಬೆಳಿಗ್ಗೆ ತಲುಪುವುದು ಬೆಂಗಳೂರನ್ನು. ಅಲ್ಲಿಂದ ಇನ್ನೂ ಸುಮಾರು 140 ಕಿಲೋಮೀಟರ್ ಉಳಿದಿರುತ್ತದೆ. ಆದುದರಿಂದ ಶನಿವಾರ ಮಧ್ಯಾಹ್ನವೇ ಔರಾದ ಬಿಟ್ಟು, ರಾತ್ರಿ ಪ್ರಯಾಣ ಮಾಡಿ, ಭಾನುವಾರ ಮಧ್ಯಾಹ್ನದ ವೇಳೆಗೆ ಮೈಸೂರು ಸೇರಿ, ಆ ರಾತ್ರಿ ಅಲ್ಲಿಯೇ ತಂಗುವುದು ಅನಿವಾರ್ಯ. ಸೋಮವಾರದಿಂದ ಶನಿವಾರದವರೆಗೆ ಆರು ದಿನಗಳ ತರಗತಿಯು ಈ ವಿದ್ಯಾರ್ಥಿನಿಗೆ ಹೋಗಿ ಬರುವುದೂ ಸೇರಿ ಒಂಬತ್ತು ದಿನಗಳಾಗುತ್ತವೆ, ಕೊನೆಯ ದಿನದ ಮೌಖಿಕ ಪರೀಕ್ಷೆ ಸಂಜೆಯವರೆಗೆ ಮುಂದುವರಿದರೆ ಹತ್ತು. ಮಂಡ್ಯದ ವಿದ್ಯಾರ್ಥಿಗೆ ಅದೇ ತರಗತಿ ಆರೇ ದಿನ. ಸೂಚನಾ ಪತ್ರದಲ್ಲಿ ಇಬ್ಬರಿಗೂ "6 ದಿನಗಳು" ಎಂದೇ ಇರುತ್ತದೆ.

ಬೆಂಗಳೂರಿನಲ್ಲಿ ವಾಹನ ಬದಲಿಸುವವರು ಗಮನಿಸಬೇಕಾದ ಅಂಶವೊಂದಿದೆ. ಬೀದರ, ಕಲಬುರಗಿ ಕಡೆಯ ಕೆಲವು ರೈಲುಗಳು ಯಶವಂತಪುರದಲ್ಲಿ ನಿಲುಗಡೆಯಾಗುತ್ತವೆ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೋ ಮೂಲಕ ಮೆಜೆಸ್ಟಿಕ್‌ಗೆ ಬಂದರೆ ಬೆಂಗಳೂರು ನಗರ ರೈಲು ನಿಲ್ದಾಣ ಸಮೀಪದಲ್ಲಿದೆ. ಬಸ್ಸಿನಲ್ಲಿ ಹೋಗುವವರಾದರೆ ಮೈಸೂರು ಕಡೆಯ ಬಸ್ಸುಗಳು ಮುಖ್ಯವಾಗಿ ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ದೀಪಾಂಜಲಿನಗರದಲ್ಲಿ ಇಳಿದರೆ ಅದು ಹತ್ತಿರ. ಮೊದಲ ಬಾರಿಗೆ ಬರುವವರು ಮೆಜೆಸ್ಟಿಕ್‌ನಲ್ಲಿಯೇ ಕಾಯುತ್ತಾ ಗಂಟೆಗಟ್ಟಲೆ ಕಳೆಯುವುದುಂಟು.

ರೈಲು ಟಿಕೆಟ್ ಕಾಯ್ದಿರಿಸುವಿಕೆ

ದಿನಾಂಕ 1-11-2024ರಿಂದ ರೈಲುಗಳಲ್ಲಿ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಪ್ರಯಾಣದ ದಿನ ಇದರಲ್ಲಿ ಸೇರುವುದಿಲ್ಲ. ಸಂಪರ್ಕ ತರಗತಿಗಳ ವೇಳಾಪಟ್ಟಿ ಮಾತ್ರ ಅನೇಕ ವೇಳೆ ಇದಕ್ಕಿಂತ ತಡವಾಗಿ ಪ್ರಕಟವಾಗುತ್ತದೆ, ಅಷ್ಟರಲ್ಲಿ ದೂರದ ರಾತ್ರಿ ರೈಲುಗಳ ಆಸನಗಳು ಭರ್ತಿಯಾಗಿರುತ್ತವೆ. ತಾತ್ಕಾಲಿಕ ವೇಳಾಪಟ್ಟಿ ದೊರೆತಿದ್ದಲ್ಲಿ ಅದರ ಆಧಾರದ ಮೇಲೆಯೇ ಸಾಮಾನ್ಯ ಕೋಟಾದಲ್ಲಿ ಟಿಕೆಟ್ ಪಡೆಯುವುದು ಮೇಲು. ದಿನಾಂಕ ಬದಲಾದರೆ ರದ್ದತಿ ಶುಲ್ಕವಷ್ಟೇ ನಷ್ಟವಾಗುತ್ತದೆ.

ತತ್ಕಾಲ್ ಕಾಯ್ದಿರಿಸುವಿಕೆಯು ರೈಲು ಹೊರಡುವ ಹಿಂದಿನ ದಿನ ಹವಾನಿಯಂತ್ರಿತ ದರ್ಜೆಗಳಿಗೆ ಬೆಳಿಗ್ಗೆ 10 ಗಂಟೆಗೆ, ಸ್ಲೀಪರ್ ದರ್ಜೆಗೆ 11 ಗಂಟೆಗೆ ಆರಂಭವಾಗುತ್ತದೆ. ಆನ್‌ಲೈನ್‌ನಲ್ಲಿ ತತ್ಕಾಲ್ ಟಿಕೆಟ್ ಪಡೆಯಲು 2025ರ ಜುಲೈನಿಂದ ಖಾತೆಯನ್ನು ಆಧಾರ್‌ನೊಂದಿಗೆ ದೃಢೀಕರಿಸಿರಬೇಕು. ಈ ಕೆಲಸವನ್ನು ಮೊದಲೇ ಮುಗಿಸಿರತಕ್ಕದ್ದು. ಖಚಿತವಾದ ತತ್ಕಾಲ್ ಟಿಕೆಟನ್ನು ಪ್ರಯಾಣಿಕರೇ ರದ್ದುಪಡಿಸಿದಲ್ಲಿ ಹಣ ಹಿಂದಿರುಗುವುದಿಲ್ಲ. ಪಟ್ಟಿ ಸಿದ್ಧವಾದ ನಂತರವೂ ಪೂರ್ಣವಾಗಿ ನಿರೀಕ್ಷಣಾ ಪಟ್ಟಿಯಲ್ಲೇ ಉಳಿದ ಇ-ಟಿಕೆಟ್ ತಾನಾಗಿಯೇ ರದ್ದಾಗುವುದರಿಂದ ಅದನ್ನು ನೆಚ್ಚಿಕೊಂಡು ನಿಲ್ದಾಣಕ್ಕೆ ಬರಬಾರದು. ಇಂತಹ ಸಂದರ್ಭಕ್ಕಾಗಿ ಒಂದು ಬಸ್ಸಿನ ಹೊರಡುವ ವೇಳೆಯನ್ನಾದರೂ ಬರೆದಿಟ್ಟುಕೊಂಡಿರುವುದು ಒಳ್ಳೆಯದು.

ಬಸ್ ಪ್ರಯಾಣ ಮತ್ತು ಶಕ್ತಿ ಯೋಜನೆ

ದಿನಾಂಕ 11-6-2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ಮಹಿಳೆಯರು ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ಮನೆಗೆಲಸ ಹಾಗೂ ಉದ್ಯೋಗಗಳ ನಡುವೆ ಓದುತ್ತಿರುವ ವಿದ್ಯಾರ್ಥಿನಿಯರಿಗೆ ಇದು ಗಣನೀಯ ಉಳಿತಾಯ. ಆದರೆ ರಾಜಹಂಸ, ಐರಾವತ, ಸ್ಲೀಪರ್ ಮುಂತಾದ ಐಷಾರಾಮಿ ಸೇವೆಗಳಿಗೆ ಹಾಗೂ ಅಂತರರಾಜ್ಯ ಬಸ್ಸುಗಳಿಗೆ ಯೋಜನೆ ಅನ್ವಯಿಸುವುದಿಲ್ಲ. ವೇಗದೂತ ಬಸ್ಸಿನಲ್ಲಿ ಕುಳಿತೇ ರಾತ್ರಿ ಕಳೆದು ಮರುದಿನ ಪ್ರಯೋಗಾಲಯದಲ್ಲಿ ಆರು ಗಂಟೆ ನಿಲ್ಲುವುದು ಕಷ್ಟಸಾಧ್ಯ. ಹೋಗುವಾಗ ಹಣ ತೆತ್ತು ಮಲಗುವ ಸೌಲಭ್ಯ ಪಡೆದು, ಬರುವಾಗ ಉಚಿತ ಪ್ರಯಾಣವನ್ನು ಬಳಸಿಕೊಳ್ಳುವ ವಿದ್ಯಾರ್ಥಿನಿಯರ ಲೆಕ್ಕಾಚಾರ ಸರಿಯಾದುದೇ ಆಗಿದೆ. ನಾಲ್ಕು ಅಥವಾ ಹೆಚ್ಚು ಮಂದಿ ಒಂದೇ ಟಿಕೆಟ್‌ನಲ್ಲಿ ಕಾಯ್ದಿರಿಸಿದರೆ ಕೆ.ಎಸ್.ಆರ್.ಟಿ.ಸಿ.ಯು ಶೇಕಡ 5ರಷ್ಟು, ಹೋಗುವ ಮತ್ತು ಬರುವ ಟಿಕೆಟ್‌ಗಳನ್ನು ಒಟ್ಟಿಗೆ ಪಡೆದರೆ ಬರುವ ಪ್ರಯಾಣಕ್ಕೆ ಶೇಕಡ 10ರಷ್ಟು ರಿಯಾಯಿತಿ ನೀಡುತ್ತಾ ಬಂದಿದೆ.

ಮಳೆಗಾಲ, ಘಟ್ಟಗಳು ಮತ್ತು ರಾತ್ರಿ ನಿರ್ಬಂಧ

ಕರಾವಳಿ ಜಿಲ್ಲೆಗಳ ವಿದ್ಯಾರ್ಥಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗಳಿಗೆ ಒಂದು ಹೆಚ್ಚುವರಿ ದಿನವನ್ನು ಇಟ್ಟುಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತುಹೋಯಿತು. ಹತ್ತು ದಿನಗಳ ನಂತರ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ಮಂಗಳೂರು–ಬೆಂಗಳೂರು ರೈಲುಗಳು ಆಗಸ್ಟ್‌ವರೆಗೂ ರದ್ದಾದವು. ಶಿರಾಡಿ ಘಟ್ಟ ಬಂದ್ ಆದಲ್ಲಿ ಚಾರ್ಮಾಡಿ ಅಥವಾ ಮಡಿಕೇರಿ ಮಾರ್ಗ ಹಿಡಿಯಬೇಕಾಗುತ್ತದೆ, ಅವು ಸಹ ಮಳೆಗೆ ಒಳಪಟ್ಟ ಮಾರ್ಗಗಳೇ. ರಸ್ತೆ ಮುಚ್ಚಿ ತಡವಾದಲ್ಲಿ ಅದೇ ದಿನ ಅಧ್ಯಯನ ಕೇಂದ್ರದ ಸಂಯೋಜಕರಿಗೆ ಲಿಖಿತವಾಗಿ, ಟಿಕೆಟ್ ಪ್ರತಿಯೊಂದಿಗೆ ತಿಳಿಸತಕ್ಕದ್ದು. ವಾರ ಕಳೆದ ಮೇಲೆ ನೀಡುವ ವಿವರಣೆಗೆ ಅಷ್ಟು ಬೆಲೆ ಇರುವುದಿಲ್ಲ.

ವಯನಾಡು ಅಥವಾ ನೀಲಗಿರಿ ಕಡೆಯಿಂದ ಮೈಸೂರಿಗೆ ಬರುವ ಕನ್ನಡಿಗರು, ಬಂಡೀಪುರ ಅರಣ್ಯದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದನ್ನು ನೆನಪಿಡಬೇಕು.

ಚೆನ್ನೈಗೆ ಹೋಗುವವರಿಗೆ

ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ರಾತ್ರಿ ಸಂಚರಿಸುವ ಕಾವೇರಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಚೆನ್ನೈ ತಲುಪಿಸುತ್ತದೆ. ಆದರೂ ಮೊದಲ ದಿನದ ಪ್ರಯೋಗಾಲಯಕ್ಕೆ ಅದನ್ನೇ ನಂಬುವುದಕ್ಕಿಂತ ಹಿಂದಿನ ದಿನ ಸೇರುವುದು ಸೂಕ್ತ. ಸೆಂಟ್ರಲ್ ನಿಲ್ದಾಣದಿಂದ ನೀಲಿ ಮಾರ್ಗದ ಮೆಟ್ರೋದಲ್ಲಿ ಗಿಂಡಿಯವರೆಗೆ ಹೋಗಿ, ಅಲ್ಲಿಂದ ಬಸ್ಸು ಅಥವಾ ಆಟೋದಲ್ಲಿ ಐಐಟಿ ದ್ವಾರವನ್ನು ತಲುಪಬಹುದು. ಚೆನ್ನೈನಲ್ಲಿ ಮಳೆಗಾಲವೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್. 2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದಿಂದ ನಗರ ಜಲಾವೃತವಾಗಿ ರೈಲುಗಳು ರದ್ದಾಗಿದ್ದವು.

ವಸತಿ, ರಜೆ ಮತ್ತು ದಾಖಲೆಗಳು

ವಿದ್ಯಾರ್ಥಿನಿಲಯದ ಸೌಲಭ್ಯವಿದೆಯೇ ಎಂದು ಮೊದಲು ಕೇಂದ್ರವನ್ನೇ ಕೇಳತಕ್ಕದ್ದು. ದಸರಾ ದಿನಗಳಲ್ಲಿ ಮೈಸೂರಿನ ವಸತಿಗೃಹಗಳು ತುಂಬಿರುವುದಲ್ಲದೆ ದರವೂ ಏರಿರುತ್ತದೆ. ಪ್ರಮುಖ ರೈಲು ನಿಲ್ದಾಣಗಳ ವಿಶ್ರಾಂತಿ ಕೊಠಡಿಗಳನ್ನು ಖಚಿತ ಟಿಕೆಟ್‌ನ ಪಿಎನ್‌ಆರ್ ಸಂಖ್ಯೆಯ ಮೇಲೆ ಕಾಯ್ದಿರಿಸಬಹುದಾದರೂ ಅವು ಒಂದೆರಡು ರಾತ್ರಿಗಷ್ಟೇ ಅನುಕೂಲ. ಒಂಟಿಯಾಗಿ ಬರುವವರು ನಸುಕಿನ 3 ಅಥವಾ 4 ಗಂಟೆಗೆ ಇಳಿಸುವ ಬಸ್ಸಿಗಿಂತ ಬೆಳಕು ಹರಿದ ಮೇಲೆ ತಲುಪುವ ಬಸ್ಸನ್ನು ಆರಿಸಿಕೊಳ್ಳುವುದು ಕ್ಷೇಮ.

ಉದ್ಯೋಗದಲ್ಲಿರುವವರು, ವಿಶೇಷವಾಗಿ ಸರ್ಕಾರಿ ನೌಕರರು, ವ್ಯಾಸಂಗಕ್ಕೆ ಪೂರ್ವಾನುಮತಿ ಪಡೆದಿರುವುದಷ್ಟೇ ಅಲ್ಲದೆ ಪ್ರತಿ ಅವಧಿಗೂ ರಜೆ ಮಂಜೂರಾತಿ ಹಾಗೂ ಕೇಂದ್ರಸ್ಥಾನ ಬಿಡುವ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. 12 ದಿನಗಳ ಕಾರ್ಯಾಗಾರವನ್ನು ಸಾಂದರ್ಭಿಕ ರಜೆಯಲ್ಲಿ ಮುಗಿಸುವೆನೆಂಬ ಲೆಕ್ಕ ಬಹುತೇಕ ತಪ್ಪುತ್ತದೆ. ರಜೆಯ ಅರ್ಜಿಯಲ್ಲಿ ತರಗತಿಯ ದಿನಗಳ ಜೊತೆಗೆ ಪ್ರಯಾಣದ ದಿನಗಳನ್ನೂ ನಮೂದಿಸತಕ್ಕದ್ದು.

ಪ್ರವೇಶಪತ್ರ, ವಿಶ್ವವಿದ್ಯಾಲಯದ ಗುರುತಿನ ಚೀಟಿ, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿ, ಶುಲ್ಕದ ರಸೀದಿ ಹಾಗೂ ಪ್ರಾಯೋಗಿಕ ದಾಖಲೆ ಪುಸ್ತಕವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಹಿಂದಿರುಗುವ ಮುನ್ನ ಹಾಜರಾತಿ ವಹಿಯಲ್ಲಿ ಪ್ರತಿ ದಿನದ ಸಹಿ ಇರುವುದನ್ನು ಪರಿಶೀಲಿಸಿ, ಸಂಯೋಜಕರ ಸಹಿ ಮತ್ತು ಮೊಹರು ಇರುವ ಹಾಜರಾತಿ ಪ್ರಮಾಣಪತ್ರವನ್ನು ಅಲ್ಲಿಯೇ ಕೇಳಿ ಪಡೆಯತಕ್ಕದ್ದು. ಅದೊಂದು ಕಾಗದಕ್ಕಾಗಿ ಔರಾದದಿಂದ ಮತ್ತೆ ಮೈಸೂರಿಗೆ ಬರುವುದೆಂದರೆ ಇನ್ನೂ ಮೂರ್ನಾಲ್ಕು ದಿನಗಳ ರಜೆ.