ಫೈಲ್ ಐತ್ರಿ, ಓಪನ್ ಆಗವಲ್ದು

ಕಲಘಟಗಿ ಪೇಟೆಯಲ್ಲಿ ನನಗೆ ಪರಿಚಯದವರದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೊ, ಹೆಸರಿಡುವ ಕಾರ್ಯಕ್ರಮ ಎಲ್ಲ ಅವರದೇ. ಈ ಊರಿನ ತೊಟ್ಟಿಲು ಹೆಸರಾದದ್ದು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಕೂಡಿಸಿ, ರಾಮಾಯಣ ಮಹಾಭಾರತದ ಚಿತ್ರ ಬರೆದು ಮಾಡುತ್ತಾರೆ. ಅಂಥ ತೊಟ್ಟಿಲಲ್ಲಿ ಮಲಗಿದ ನೂರಾರು ಕೂಸುಗಳ ಫೋಟೊ ಆ ಅಂಗಡಿಯ ಕಂಪ್ಯೂಟರಿನಲ್ಲಿದ್ದವು. ಕಂಪ್ಯೂಟರಿಗೆ ವಯಸ್ಸಾಯಿತು. ರಿಪೇರಿಯ ಹುಡುಗ ಬಂದು, “ಇಡೀ ಡಿಸ್ಕಿನ ಇಮೇಜ್ ತಗದಿಟ್ಟೇನ್ರಿ ಕಾಕಾ, ಚಿಂತಿ ಬ್ಯಾಡ” ಎಂದು ಎರಡು ಎಕ್ಸ್‌ಟರ್ನಲ್ ಡಿಸ್ಕು ಕೈಗಿಟ್ಟು, ಹಳೆಯ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಒಯ್ದ. ವರ್ಷದ ಮೇಲೆ ಒಂದು ಮನೆಯವರು ಹಳೆಯ ಫೋಟೊ ಕೇಳಿಕೊಂಡು ಬಂದರು. ಆ ಸಂಜೆ ನನಗೆ ಫೋನು ಬಂತು: “ಸರ, ಫೈಲ್ ಐತ್ರಿ, ಓಪನ್ ಆಗವಲ್ದು.”

ಇನ್ನೆರಡು ಮೂರು ವರ್ಷ ಈ ಮಾತು ನಮ್ಮ ತಾಲ್ಲೂಕು ಪೇಟೆಗಳಲ್ಲಿ ಮತ್ತೆ ಮತ್ತೆ ಕೇಳಲಿದೆ ಎಂಬುದು ನನ್ನ ಲೆಕ್ಕ. ಅದಕ್ಕೆ ಕಾರಣ ಹೇಳುತ್ತೇನೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಪ್ರೊಸೆಸರೂ ಹೊಸದಿರಬೇಕು. ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರು, ಸ್ಟುಡಿಯೊಗಳಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರುವ ಯಂತ್ರಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹೊಸ ಯಂತ್ರ ಬರುತ್ತದೆ, ಹಳೆಯದು ಗುಜರಿಗೆ ಹೋಗುತ್ತದೆ. ನಡುವೆ ಉಳಿಯುವುದು ಒಂದು ಇಮೇಜ್ ಫೈಲು. ಅದನ್ನು ಯಾರೂ ತೆರೆದು ನೋಡಿರುವುದಿಲ್ಲ.

ಬೆಳವಲದ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಬಾಯಿ ಮುಚ್ಚಿ ಮೇಲೆ ಮಣ್ಣು ಎಳೆದ ಮೇಲೆ ಒಳಗಿನ ಕಾಳು ಹೇಗಿದೆ ಎನ್ನುವುದು ತೆರೆದ ದಿನವೇ ಗೊತ್ತಾಗಬೇಕು. ಡಿಸ್ಕ್ ಇಮೇಜ್ ಹೆಚ್ಚುಕಡಿಮೆ ಅದೇ ತರಹ. ಫೋಟೊಗಳನ್ನು ಒಂದೊಂದಾಗಿ ನಕಲು ಮಾಡುವ ಬದಲು, ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಒಂದೇ ಫೈಲಿನೊಳಗೆ ತುಂಬುವುದು. ಸೆಕ್ಟರ್ ಎಂದರೆ 512 ಬೈಟಿನ ಒಂದು ಖಾನೆ; ಹೊಸ ಡಿಸ್ಕುಗಳಲ್ಲಿ 4096 ಬೈಟು. ಕಂಪ್ಯೂಟರಿನ ಮಟ್ಟಿಗೆ ಇದು ಅಚ್ಚುಕಟ್ಟಾದ ಕೆಲಸ, ಯಂತ್ರ ಕೆಟ್ಟರೆ ಇದ್ದದ್ದು ಇದ್ದಂತೆ ಎಬ್ಬಿಸಬಹುದು. ಆದರೆ ಎಷ್ಟೋ ವರ್ಷದ ದುಡಿಮೆ ಒಂದೇ ಬಾಗಿಲ ಹಿಂದೆ ಕೂರುತ್ತದೆ.

ಕಾಕಾ ಅವರ ಮೊದಲ ಡಿಸ್ಕಿನಲ್ಲಿದ್ದ ಫೈಲಿಗೆ ಡಾಟ್ ಐಎಂಜಿ ಎಂಬ ಬಾಲ ಇತ್ತು. ಎರಡು ಸಲ ಒತ್ತಿದರೆ, ಡಿಸ್ಕ್ ಇಮೇಜ್ ಫೈಲು ಕೆಟ್ಟಿದೆ ಎಂದು ವಿಂಡೋಸ್ ಹೇಳುತ್ತಿತ್ತು. ಅವರು ನಂಬಿಬಿಟ್ಟಿದ್ದರು, ಡಿಲೀಟ್ ಮಾಡುವ ವಿಚಾರದಲ್ಲಿದ್ದರು. ಇಲ್ಲಿ ಒಂದು ಮೋಸವಿದೆ. ಆ ಬಾಲ ಕಂಡೊಡನೆ ವಿಂಡೋಸ್ ಅದನ್ನು ಸಿಡಿ ಅಥವಾ ಡಿವಿಡಿಯ ನಕಲು ಎಂದು ತಿಳಿಯುತ್ತದೆ. ಹಾರ್ಡ್ ಡಿಸ್ಕಿನ ನಕಲಿನಲ್ಲಿ ಸಿಡಿಯ ಗುರುತು ಸಿಗುವುದಿಲ್ಲ, ಹಾಗಾಗಿ ಕೆಟ್ಟಿದೆ ಎನ್ನುತ್ತದೆ. ಫೈಲು ನೆಟ್ಟಗಿರುತ್ತದೆ, ಓದುವವನ ತಿಳಿವಳಿಕೆ ಮಾತ್ರ ತಪ್ಪಿರುತ್ತದೆ. ನಿಜವಾದ ಐಎಸ್ಒ ಫೈಲಿಗೂ ಇಂಥದ್ದೇ ಗತಿ ಬರುವುದುಂಟು. ಅದನ್ನು ಇಟ್ಟ ಫೋಲ್ಡರಿಗೆ ವಿಂಡೋಸಿನ ಕಂಪ್ರೆಷನ್ ಹಾಕಿದ್ದರೆ ಸಾಕು, ಮೌಂಟ್ ಆಗುವುದಿಲ್ಲ. ಕಂಪ್ರೆಷನ್ ಇಲ್ಲದ ಫೋಲ್ಡರಿಗೆ ನಕಲು ಮಾಡಿದರೆ ಸರಿಹೋಗುತ್ತದೆ.

ಅನುಮಾನ ಪರಿಹಾರಕ್ಕೆ ಹೆಕ್ಸ್ ಎಡಿಟರ್ ಎಂಬ ಪುಟ್ಟ ತಂತ್ರಾಂಶದಲ್ಲಿ ಫೈಲಿನ ತಲೆಯನ್ನು ನೋಡಬೇಕು. ಇಡೀ ಡಿಸ್ಕಿನ ಕಚ್ಚಾ ನಕಲಾಗಿದ್ದರೆ ಮೊದಲ 512 ಬೈಟಿನ ಕೊನೆಗೆ 55, ಎಎ ಎಂಬ ಜೋಡಿ ಇರಬೇಕು. ವಿಎಚ್‌ಡಿ ಜಾತಿಯದಾದರೆ ಫೈಲಿನ ಬಾಲದಲ್ಲಿ ‘ಕನೆಕ್ಟಿಕ್ಸ್’ ಎಂಬ ಪದ ಸಿಗುತ್ತದೆ; ಆ ಮಾದರಿ ಕಟ್ಟಿದ ಕಂಪನಿಯ ಹೆಸರು ಅದು, ಕಂಪನಿ ಹೋದರೂ ಮುದ್ರೆ ಉಳಿದಿದೆ. ಕಾಕಾ ಅವರ ಫೈಲಿನಲ್ಲಿ 55, ಎಎ ಇತ್ತು. ಸೆವೆನ್‌ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆ, ಒಳಗಿನ ಪಾರ್ಟಿಷನ್ನು ಕಂಡಿತು, ಅದರೊಳಗೆ ಫೋಲ್ಡರುಗಳು ಸಾಲಾಗಿ ಬಂದವು. ಅದು ಆಗದಿದ್ದರೆ ಲಿನಕ್ಸಿನಲ್ಲಿ ಪಾರ್ಟಿಷನ್ನಿನ ಆರಂಭ ಹೇಳಿಕೊಟ್ಟು ತೆರೆಯಬಹುದು. ಈಚಿನ ಡಿಸ್ಕಾದರೆ, 512 ಬೈಟಿನ ಲೆಕ್ಕದಲ್ಲಿ, ಸಾಮಾನ್ಯವಾಗಿ 2048ನೆಯ ಸೆಕ್ಟರು, ಅಂದರೆ 10,48,576ನೆಯ ಬೈಟು. ಎಕ್ಸ್‌ಪಿ ಕಾಲದ್ದಾದರೆ 63ನೆಯ ಸೆಕ್ಟರು, ಎಂದರೆ 32,256.

ಎರಡನೆಯ ಡಿಸ್ಕಿನದು ಬೇರೆ ಕಥೆ. ಫೈಲಿನ ಗಾತ್ರ ನೋಡಿದೆ: 4,29,49,67,295 ಬೈಟು. ಈ ಅಂಕಿ ಕಂಡರೆ ಮುಂದೆ ಹೆಚ್ಚು ಹುಡುಕುವ ಅಗತ್ಯವಿಲ್ಲ. ಎಫ್‌ಎಟಿ32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕು, ಪೆನ್‌ಡ್ರೈವು ಒಂದು ಫೈಲಿಗೆ ಕೊಡುವ ಗರಿಷ್ಠ ಜಾಗ ಅಷ್ಟೇ, 4 ಜಿಬಿಗೆ ಒಂದು ಬೈಟು ಕಮ್ಮಿ. ಅಲ್ಲಿಗೆ ಬರವಣಿಗೆ ನಿಂತಿದೆ, ಉಳಿದದ್ದು ಎಲ್ಲೂ ಇಲ್ಲ. ತಂತ್ರಾಂಶ ಎಚ್ಚರಿಕೆ ಕೊಟ್ಟಿದ್ದಿರಬಹುದು, ಹುಡುಗ ಚಹಾಕ್ಕೆ ಹೋಗಿದ್ದಿರಬಹುದು. ಕೆಲವು ತಂತ್ರಾಂಶಗಳು ಈ ಮಿತಿ ತಿಳಿದು ತಾವೇ ತುಂಡು ಮಾಡುತ್ತವೆ. ನಾರ್ಟನ್ ಘೋಸ್ಟಿನಲ್ಲಿ ಮೊದಲ ತುಂಡಿಗೆ ಜಿಎಚ್ಒ, ಮುಂದಿನವಕ್ಕೆ ಜಿಎಚ್ಎಸ್ ಎಂಬ ಬಾಲ. ‘ದೊಡ್ಡ ಫೈಲ್ ಇದೊಂದ ಬೇಕು’ ಎಂದು ಮೊದಲನೆಯದನ್ನಷ್ಟೇ ಎತ್ತಿಟ್ಟುಕೊಂಡವರನ್ನು ನಾನು ಬಲ್ಲೆ.

ಘೋಸ್ಟಿನ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಒಂದು ಕಾಲಕ್ಕೆ ಕಂಪ್ಯೂಟರ್ ರಿಪೇರಿಯವರ ಕೈಯಲ್ಲೆಲ್ಲ ಇದ್ದ ಆ ತಂತ್ರಾಂಶವನ್ನು ಸಿಮ್ಯಾಂಟೆಕ್ ಕಂಪನಿ 2013ರ ಏಪ್ರಿಲ್ 30ಕ್ಕೆ ಕೈಬಿಟ್ಟಿತು. ಮ್ಯಾಕ್ರಿಯಮ್ ರಿಫ್ಲೆಕ್ಟಿನ ಉಚಿತ ಆವೃತ್ತಿಯ ಬೆಂಬಲವೂ 2024ರ ಆರಂಭಕ್ಕೆ ಮುಗಿಯಿತು. ಇವುಗಳ ಇಮೇಜು ಸ್ವಂತ ಭಾಷೆಯಲ್ಲಿ ಬರೆದಂಥವು, ಬೇರೆ ತಂತ್ರಾಂಶ ಓದಲಿಕ್ಕಿಲ್ಲ. ಫೈಲು ಇಟ್ಟವರು ಅದನ್ನು ತೆರೆಯುವ ತಂತ್ರಾಂಶದ ಇನ್‌ಸ್ಟಾಲರನ್ನೂ ಪಕ್ಕದಲ್ಲೇ ಇಡಬೇಕಿತ್ತು. ಇಟ್ಟವರು ಕಡಿಮೆ.

ಬಾಗಿಲಿನ ತಂಟೆ ಇಷ್ಟು. ಕಾಳೇ ಕೆಟ್ಟಿದ್ದರೆ? ಇಲ್ಲಿ ಊಹೆ ಬೇಕಿಲ್ಲ, ಲೆಕ್ಕ ಸಿಗುತ್ತದೆ. 2007ರಲ್ಲಿ ಗೂಗಲ್ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಆಯುಷ್ಯವನ್ನು ಪ್ರಕಟಿಸಿದರು. ಮೊದಲ ವರ್ಷ ನೂರಕ್ಕೆ 1.7 ಕೆಡುತ್ತಿದ್ದವು, ಮೂರು ವರ್ಷ ತುಂಬಿದವುಗಳಲ್ಲಿ ಆ ಪ್ರಮಾಣ ವರ್ಷಕ್ಕೆ ನೂರಕ್ಕೆ 8.6 ದಾಟಿತ್ತು. ಅವು ಹಗಲಿರುಳು ತಿರುಗುವ ಡಿಸ್ಕುಗಳು, ಕಪಾಟಿನಲ್ಲಿ ಮಲಗಿದವುಗಳಿಗೆ ಅದೇ ಅಂಕಿ ಹಚ್ಚುವುದು ನ್ಯಾಯವಲ್ಲ. ಆದರೆ ಕಪಾಟಿನ ಡಿಸ್ಕು ಕೈಜಾರಿ ಬೀಳುತ್ತದೆ. ಹುಬ್ಬಳ್ಳಿ ಕಡೆಯ ಒಣ ಹವೆ ಬೇರೆ, ಕಲಘಟಗಿಯ ಅರೆಮಲೆನಾಡಿನ ಮಳೆಗಾಲದ ತೇವ ಬೇರೆ. ವರ್ಷಕ್ಕೆ ನೂರಕ್ಕೆ ಐದರಂತೆ ಮಾತ್ರ ಕೆಡುತ್ತವೆ ಎಂದು ಹಿಡಿದರೂ, ನೂರು ಡಿಸ್ಕಿನಲ್ಲಿ ಹತ್ತು ವರ್ಷಕ್ಕೆ ಉಳಿಯುವುದು ಅರವತ್ತು.

ಡಿಸ್ಕು ಸತ್ತರೆ ತಿಳಿಯುತ್ತದೆ. ತಿಳಿಯದಂತೆ ಕೆಡುವುದು ಹೆಚ್ಚು ಅಪಾಯ. 2008ರಲ್ಲಿ ವಿಸ್ಕಾನ್ಸಿನ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯ ಹಾಗೂ ನೆಟ್‌ಆ್ಯಪ್ ಕಂಪನಿಯವರು 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿ ಬರೆದರು. ಬರೆದದ್ದೊಂದು, ಓದಿದಾಗ ಬಂದದ್ದು ಇನ್ನೊಂದು ಎಂಬ ಪ್ರಸಂಗ ನಾಲ್ಕು ಲಕ್ಷಕ್ಕೂ ಹೆಚ್ಚು ಸಲ ಸಿಕ್ಕಿತ್ತು. ಅಗ್ಗದ ಡಿಸ್ಕುಗಳಲ್ಲಿ ಇದು ದುಬಾರಿಯವಕ್ಕಿಂತ ಹತ್ತು ಪಟ್ಟಿನಷ್ಟು ಹೆಚ್ಚು. ನಮ್ಮ ಪೇಟೆಗಳಲ್ಲಿ ಕೊಳ್ಳುವುದು ಯಾವುದನ್ನು ಎಂದು ಹೇಳಬೇಕಿಲ್ಲ.

ಒಂದು ಸೆಕ್ಟರು ಕೆಟ್ಟರೆ ಏನು ಹೋಗುತ್ತದೆ ಎಂಬುದು ಇಮೇಜ್ ಹೇಗೆ ಮಾಡಿದ್ದಾರೆ ಎನ್ನುವುದರ ಮೇಲಿದೆ. ಕಚ್ಚಾ ನಕಲಾದರೆ ಬಹುಮಟ್ಟಿಗೆ ಒಂದು ಫೋಟೊದ ಮೇಲೆ ಬೂದು ಪಟ್ಟಿ ಬೀಳುತ್ತದೆ. ಜಾಗ ಉಳಿಸಲು ಕಂಪ್ರೆಸ್ ಮಾಡಿದ್ದರೆ, ಹಿಂದಿನ ಅಕ್ಷರ ನೋಡಿಕೊಂಡೇ ಮುಂದಿನದನ್ನು ಬಿಡಿಸುವ ವಿಧಾನ ಅದು, ಕೆಟ್ಟ ಜಾಗದಿಂದ ಆಚೆ ಒಂದು ದೊಡ್ಡ ತುಂಡೇ ಗೋಜಲಾಗುತ್ತದೆ. ಇನ್‌ಕ್ರಿಮೆಂಟಲ್ ಎಂಬ ಸರಣಿ ಬ್ಯಾಕಪ್ ಇನ್ನೂ ನಾಜೂಕು. ಮೊದಲು ಪೂರ್ತಿ ನಕಲು, ಆಮೇಲೆ ಪ್ರತಿ ವಾರ ಬದಲಾದದ್ದು ಮಾತ್ರ. ನಡುವಿನ ಒಂದು ಕೊಂಡಿ ಕಳೆದರೆ ಅದರ ನಂತರದ ವಾರಗಳೆಲ್ಲ ಕೈಬಿಟ್ಟವು.

ಕರೆಂಟಿನ ಪಾತ್ರವನ್ನು ಮರೆಯುವಂತಿಲ್ಲ. ದೊಡ್ಡ ಫೈಲು ಬರೆಯುತ್ತಿರುವಾಗ ಕರೆಂಟು ಹೋದರೆ, ಯುಪಿಎಸ್ಸಿನ ಬ್ಯಾಟರಿ ಸತ್ತಿದ್ದರೆ, ಫೈಲಿನ ಹೆಸರೂ ಗಾತ್ರವೂ ಸರಿಯಾಗಿಯೇ ಉಳಿಯಬಹುದು. ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿ ದಿನಚರಿ ಬರೆದು ಕಾಪಾಡುವುದು ಹೆಸರು, ಗಾತ್ರದಂಥ ಲೆಕ್ಕಪತ್ರವನ್ನು, ಒಳಗಿನ ಸರಕನ್ನಲ್ಲ. ಹೆಕ್ಸ್ ಎಡಿಟರಿನಲ್ಲಿ ನೋಡಿದರೆ ಸೊನ್ನೆ, ಸೊನ್ನೆ, ಸೊನ್ನೆ. ‘ಸೇಫ್ಲಿ ರಿಮೂವ್’ ಒತ್ತದೆ ವಯರು ಕಿತ್ತವರಿಗೂ ಇದೇ ಬಹುಮಾನ. ಇನ್ನು ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ 2 ಟಿಬಿ ಎಂದು ಬರುವ ಪೆನ್‌ಡ್ರೈವುಗಳ ಒಳಗೆ ನಿಜಕ್ಕೂ ಇರುವ ಜಾಗ ಅದರ ಚಿಕ್ಕ ಪಾಲು. ಅದು ತುಂಬಿದ ಮೇಲೆಯೂ ಬರೆಯುತ್ತಲೇ ಇದ್ದಂತೆ ನಟಿಸುತ್ತವೆ, ಫೈಲುಗಳ ಪಟ್ಟಿಯನ್ನೂ ತೋರಿಸುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಆ ನಾಟಕವನ್ನು ಬಯಲು ಮಾಡುತ್ತದೆ. ಕೊಂಡ ದಿನವೇ ಓಡಿಸಬೇಕು.

ಎಸ್‌ಎಸ್‌ಡಿ ತಂದರೆ ಮುಗಿಯಿತೆನ್ನುವವರಿಗೂ ಒಂದು ಅಂಕಿ. ಬಳಸಿ ಸವೆದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು ಎನ್ನುತ್ತದೆ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ, ನಿಜ. ಆದರೆ ಬಿಸಿ ಏರಿದಂತೆ ಅವಧಿ ಇಳಿಯುತ್ತದೆ, ತಗಡಿನ ಮಾಡಿನ ಅಂಗಡಿಯ ಏಪ್ರಿಲ್ ಮಧ್ಯಾಹ್ನ 30 ಡಿಗ್ರಿಗೆ ನಿಲ್ಲುವುದಿಲ್ಲ.

ಇದೆಲ್ಲ ಹಳ್ಳಿಯವರ ಅಜ್ಞಾನ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಗಿಟ್‌ಲ್ಯಾಬ್ ಕಥೆ ಹೇಳಬೇಕು. ಜಗತ್ತಿನ ತಂತ್ರಾಂಶ ತಯಾರಕರು ತಮ್ಮ ಕೆಲಸವನ್ನೇ ಒಪ್ಪಿಸಿದ್ದ ಕಂಪನಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ದಣಿದ ಹೊತ್ತಿನಲ್ಲಿ ತಪ್ಪು ಯಂತ್ರದ ದತ್ತಾಂಶ ಅಳಿಸಿದರು, ಸುಮಾರು 300 ಜಿಬಿ. ಬ್ಯಾಕಪ್ ಹುಡುಕಿದರೆ ಅದರ ಜಾಗ ಖಾಲಿ. ಡೇಟಾಬೇಸು 9.6ನೆಯ ಆವೃತ್ತಿಯದು, ನಕಲು ತೆಗೆಯುವ ಸಾಧನ 9.2ರದ್ದು, ಹಾಗಾಗಿ ನಕಲಿನ ಕೆಲಸ ಸೋಲುತ್ತಲೇ ಬಂದಿತ್ತು. ಸೋತಿದ್ದೇನೆ ಎಂದು ಅದು ಕಳಿಸಿದ ಇಮೇಲುಗಳನ್ನು ಸರ್ವರು ತಿರಸ್ಕರಿಸಿತ್ತು. ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಆರು ತಾಸು ಹಿಂದಿನ ಒಂದು ಪ್ರತಿ ಆಕಸ್ಮಿಕವಾಗಿ ಇತ್ತು, ಬದುಕಿಕೊಂಡರು.

ಅಂಥ ಆಕಸ್ಮಿಕ ನಮ್ಮ ಪೇಟೆಯ ಅಂಗಡಿಗಳಿಗೆ ಒದಗಲಿಕ್ಕಿಲ್ಲ. ಕರ್ನಾಟಕ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಮೂಲ ಪುಸ್ತಕಗಳು ಇನ್ನೂ ಕಚೇರಿಯಲ್ಲಿದ್ದವು, ಕಾಯಲು ಸರ್ಕಾರವಿತ್ತು. ಸ್ಟುಡಿಯೊದ ಫೋಟೊಗೆ ನೆಗೆಟಿವ್ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಟೈಪಾದ ವಾಟ್ನಿ ಪತ್ರದ ಕರಡಿಗೆ, ಊರ ಜಾತ್ರೆಯ ಸ್ಮರಣ ಸಂಚಿಕೆಗೆ ಎರಡನೆಯ ಪ್ರತಿ ಇಲ್ಲ. ಸೊಸಾಯಿಟಿಗಳ ಪಾಡೂ ಇದೇ ಆಗಬಹುದು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಒಪ್ಪಿತು. ಹೊಸ ಲೆಕ್ಕ ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ಹೋಗುತ್ತದೆ. ಯಾವುದೇ ಸೊಸಾಯಿಟಿಯ ಮೂಲೆಯ ಹಳೆಯ ಯಂತ್ರದಲ್ಲಿ ಹಿಂದಿನ ಖಾತೆ ಉಳಿದಿದ್ದರೆ, ಅದನ್ನು ಮುಚ್ಚುವ ಮೊದಲು ಆಡಳಿತ ಮಂಡಳಿಯವರು ಒಂದು ಸಲ ಕೇಳಬೇಕು: ಇದರ ನಕಲು ಎಲ್ಲಿದೆ, ತೆರೆದು ತೋರಿಸು.

ತೆರೆಯದ ಫೈಲು ಕೈಗೆ ಬಂದಾಗ ಮೊದಲ ತಾಸಿನಲ್ಲಿ ಮಾಡುವ ತಪ್ಪೇ ಹೆಚ್ಚು ಹಾಳು ಮಾಡುತ್ತದೆ. ಡಿಸ್ಕ್ ಜೋಡಿಸಿದೊಡನೆ ‘ಫಾರ್ಮ್ಯಾಟ್ ಮಾಡಲೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಚೆಕ್‌ಡಿಸ್ಕ್ ಓಡಿಸಬೇಡಿ, ಅದು ತನಗೆ ಅರ್ಥವಾಗದ್ದನ್ನು ಕತ್ತರಿಸಿ ‘ಸರಿ’ ಮಾಡುತ್ತದೆ. ಟಕ್ ಟಕ್ ಸದ್ದು ಬರುತ್ತಿದ್ದರೆ ಕರೆಂಟು ತೆಗೆದು ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ. ಸದ್ದಿಲ್ಲದಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇನ್ನೊಂದು ಡಿಸ್ಕಿಗೆ ನಕಲು ತೆಗೆದು, ಕಸರತ್ತೆಲ್ಲ ಆ ನಕಲಿನ ಮೇಲೆ ಮಾಡಿ. ಈ ಸಾಧನ ಮೊದಲು ಸಲೀಸಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮರಳುತ್ತದೆ. ಬಿಟ್‌ಲಾಕರ್ ಬೀಗ ಬಿದ್ದ ಡಿಸ್ಕಿನ ಇಮೇಜಾದರೆ 48 ಅಂಕಿಯ ಕೀಲಿ ಬೇಕೇ ಬೇಕು. ಈಚಿನ ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ಈ ಬೀಗವನ್ನು ತಾನಾಗಿಯೇ ಹಾಕುತ್ತದೆ, ಆದ್ದರಿಂದ ಮುಂದಿನ ವರ್ಷಗಳ ಗೋಳು ಇದೇ ಆಗಬಹುದು.

ಹಳೆಯ ಯಂತ್ರ ಇನ್ನೂ ಕೈಯಲ್ಲಿರುವವರು ಇಮೇಜ್ ಜೊತೆಗೆ ಫೋಟೊಗಳನ್ನು ಬಿಡಿ ಫೈಲುಗಳಾಗಿಯೂ ಬೇರೆ ಡಿಸ್ಕಿಗೆ ಹಾಕಲಿ. ಎಸ್‌ಎಚ್‌ಎ-256 ಎಂಬ ಬೆರಳಚ್ಚು ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಂದು ಬಿಟ್ಟು ಬದಲಾದರೂ ಆ ಅಂಕಿ ಪೂರ್ತಿ ಬದಲಾಗುತ್ತದೆ. ಆಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಹತ್ತು ಫೋಟೊ ನೋಡಲಿ. ಹಳೆಯದನ್ನು ಫಾರ್ಮ್ಯಾಟ್ ಮಾಡುವುದು ಅದರ ನಂತರ.

ಕಾಕಾ ಅವರ ಮೊದಲ ಡಿಸ್ಕಿನಲ್ಲಿ ಫೋಟೊ ಸಿಕ್ಕವು. ಎರಡನೆಯದರಲ್ಲಿ ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿ, 4 ಜಿಬಿಯೊಳಗೆ ಇದ್ದಷ್ಟನ್ನು ಹೆಸರಿಲ್ಲದ ಫೈಲುಗಳಾಗಿ ಹೆಕ್ಕಿದ್ದಾಯಿತು, ಮದುವೆ ಯಾರದೆಂದು ಮುಖ ನೋಡಿ ಗುರುತಿಸಬೇಕು. ಲಗ್ನಪತ್ರಿಕೆಗಳ ಒಂದು ಫೋಲ್ಡರೂ ಮೊದಲನೆಯದರಲ್ಲಿ ನೆಟ್ಟಗೆ ಬಂದಿತ್ತು. ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕೆ, ಗೀಟು ಕೂತ ಚಿತ್ತಾರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪತ್ರಿಕೆಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ್ದರು, ಹೊಸ ಯಂತ್ರದಲ್ಲಿ ಆ ಫಾಂಟು ಇರಲಿಲ್ಲ. ಕಾಕಾ ಅದನ್ನು ಒಂದು ನಿಮಿಷ ನೋಡಿ, “ಇದ ಯಾ ಭಾಷಾರೀ ಸರ?” ಎಂದರು.