ಅತಿಶೀತದಲ್ಲಿಟ್ಟ ಕೇಬಲ್ ಮತ್ತು ಕಾಕಾನ ಮೈಕ್ ಸೆಟ್

ಇವತ್ತಿನ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಅಕ್ಕಲಕೋಟದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ನಮ್ಮ ಕಾಕಾನಿಂದ ಬಂದದ್ದು. ಯಾರೋ ಒಬ್ಬರು ಅವರಿಗೆ 'ಕ್ರಯೋ ಟ್ರೀಟ್' ಮಾಡಿದ ಸ್ಪೀಕರ್ ಕೇಬಲ್ ತೋರಿಸಿ, ಸಾದಾ ಕೇಬಲಿನ ಹಲವು ಪಟ್ಟು ದರ ಹೇಳಿದ್ದರು. "ನೀ ಫಿಜಿಕ್ಸ್ ಕಲ್ತಾಂವ, ಇದಕ್ಕ ರೊಕ್ಕ ಹಾಕಬೇಕೋ ಬ್ಯಾಡೋ ಹೇಳು" ಅಂದ್ರು ಕಾಕಾ. ಆಗ ಫೋನಿನಲ್ಲಿ ತಡವರಿಸಿದೆ.

ಅವರು ಮಾಡೋದು ಇಷ್ಟು: ತಂತಿಯನ್ನು ದ್ರವ ಸಾರಜನಕದ −196 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ನಿಧಾನ ಇಳಿಸಿ, ಕೆಲವು ಗಂಟೆ ಇಟ್ಟು, ಮತ್ತೆ ನಿಧಾನ ಮೇಲೆ ತರೋದು. ಲೋಹದ ಹರಳುಗಳು ಸರಿಹೊಂದಿ ರೋಧ ಕಡಿಮೆಯಾಗ್ತದೆ ಅನ್ನೋದು ವಾದ.

ಉಕ್ಕಿನ ವಿಷಯದಲ್ಲಿ ಈ ವಿದ್ಯೆ ಸುಳ್ಳಲ್ಲ. ಗಟ್ಟಿಗೊಳಿಸಿದ ಉಪಕರಣ ಉಕ್ಕಿನಲ್ಲಿ ಉಳಿದ ಆಸ್ಟೆನೈಟ್ ಆಳವಾದ ಚಳಿಗೆ ಮಾರ್ಟೆನ್ಸೈಟ್ ಆಗ್ತದೆ, ಸವೆತ ತಡೆಯುವ ಶಕ್ತಿ ಹೆಚ್ಚುತ್ತದೆ. ತಾಮ್ರದಲ್ಲಿ ಹಾಗೆ ಬದಲಾಗುವ ಹಂತವೇ ಇಲ್ಲ. ಉಕ್ಕಿನ ಹೆಸರು ಹೇಳಿ ತಾಮ್ರ ಮಾರೋದು ಇಲ್ಲಿಂದ ಶುರು.

ತಾಮ್ರದ ರೋಧಕ್ಕೆ ಎರಡು ಮೂಲ. ಒಂದು ಪರಮಾಣುಗಳ ಕಂಪನ, ಇನ್ನೊಂದು ಕಲ್ಮಶ ಮತ್ತು ಹರಳಿನ ದೋಷ. ಚಳಿಯಲ್ಲಿದ್ದಾಗ ಕಂಪನ ಇಳಿದು ರೋಧ ಸುಮಾರು ಏಳೆಂಟನೇ ಒಂದು ಭಾಗಕ್ಕೆ ಬರ್ತದೆ, ಖರೆ. ಆದರೆ ಕೋಣೆಯ ಉಷ್ಣತೆಗೆ ತಂದ ಕೂಡಲೇ ಕಂಪನ ಪೂರ್ತಿ ವಾಪಸ್. ಹಾಗಾದ್ರೆ ದೋಷಗಳಾದರೂ ಹೋಗಬೇಕಲ್ಲ? ದೋಷ ಅಳಿಯಲು ಪರಮಾಣು ಚಲಿಸಬೇಕು, ಚಲಿಸಲು ಶಾಖ ಬೇಕು. ಅದಕ್ಕೇ ತಂತಿ ಕಾರ್ಖಾನೆಗಳು ತಾಮ್ರವನ್ನು ಕಾಯಿಸಿ ಹದ ಮಾಡ್ತಾರೆ, ತಣ್ಣಗೆ ಮಾಡಲ್ಲ. ಎಳೆದು ಗಟ್ಟಿಯಾದ ತಂತಿಗೂ ಹದಗೊಳಿಸಿದ ತಂತಿಗೂ ರೋಧದ ವ್ಯತ್ಯಾಸ ಶೇಕಡಾ 3ರ ಸುಮಾರು ಮಾತ್ರ.

ಚಳಿ ಆ 3 ಶೇಕಡಾವನ್ನೂ ಗಳಿಸಿಕೊಟ್ಟಿತು ಅಂತಲೇ ಹಿಡಿಯೋಣ. ಕಾಕಾನ ಪೆಂಡಾಲಿನಲ್ಲಿ 30 ಮೀಟರ್ ದೂರ, 2.5 ಚದರ ಮಿಲಿಮೀಟರ್ ತಂತಿ. ಹೋಗಿ ಬರೋದು ಸೇರಿ ರೋಧ ಸುಮಾರು 0.41 ಓಮ್, ಅದರಲ್ಲಿ ಶೇಕಡಾ 3 ಅಂದ್ರೆ 0.012 ಓಮ್. 8 ಓಮ್ ಸ್ಪೀಕರಿಗೆ ಇದರಿಂದ ಬರುವ ಏರಿಕೆ ಡೆಸಿಬೆಲ್ಲಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಯಾರ ಕಿವಿಗೂ ತಿಳಿಯದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39 ಏರ್ತದೆ. ನಮ್ಮ ಸೊಲ್ಲಾಪುರದ ಏಪ್ರಿಲ್ ಬೆಳಗ್ಗೆ 25, ಮಧ್ಯಾಹ್ನ 40 ಅಂತ ಹಿಡಿದರೆ, ಅದೇ ಕೇಬಲಿನ ರೋಧ ಶೇಕಡಾ 6ರ ಹತ್ತಿರ ಏರಿತು. ಸ್ಪೀಕರಿನ ಒಳಗಿನ ಸುರುಳಿಯಂತೂ ಜೋರಾಗಿ ಹಾಡಿಸಿದಾಗ 100 ಡಿಗ್ರಿ ಏರಿದರೆ ಅದರ ರೋಧ ಸುಮಾರು ಶೇಕಡಾ 40 ಹೆಚ್ಚುತ್ತದೆ!

ಹಾಗಾದ್ರೆ ಕೇಳಿದವರಿಗೆ ವ್ಯತ್ಯಾಸ ಯಾಕೆ ಅನಿಸ್ತದೆ ಅಂತ ಮೇಡಂ ಚಾಟ್‌ನಲ್ಲಿ ಕೇಳಿದ್ದಾರೆ. ಅವರು ಸುಳ್ಳು ಹೇಳ್ತಾರೆ ಅಂತ ನಾನು ಅನ್ನಲ್ಲ. ಕೇಬಲ್ ಬದಲಿಸುವಾಗ ಹಳೇ ಪಿನ್ ಬಿಚ್ಚಿ ಹೊಸದು ತೂರಿಸ್ತೇವೆ; ಕಿಲುಬು ಉಜ್ಜಿಹೋಗಿ ಸಂಪರ್ಕ ಸುಧಾರಿಸೋದು ಉಂಟು. ರೊಕ್ಕ ಕೊಟ್ಟ ಮೇಲೆ ಕಿವಿ ಹೊಸದನ್ನು ಹುಡುಕ್ತದೆ, ಅದೂ ಉಂಟು. ಯಾವ ಕೇಬಲ್ ಅಂತ ಕೇಳುವವರಿಗೂ ಜೋಡಿಸುವವರಿಗೂ ಗೊತ್ತಿರದಂತೆ, ದನಿಯ ಮಟ್ಟ ಸಮ ಮಾಡಿ ಕೇಳಿಸಿದರೆ ಮಾತ್ರ ಇವನ್ನು ಬೇರ್ಪಡಿಸಬಹುದು.

ಕಾಕಾನಿಗೆ ಆಮೇಲೆ ಹೇಳಿದ್ದು: 4 ಚದರ ಮಿಲಿಮೀಟರಿನ ಸಾದಾ ತಾಮ್ರ ತಗೋರಿ, ರೋಧ 0.26ಕ್ಕೆ ಇಳೀತದ, ಪಿನ್ ಒರೆಸಿಕೊಳ್ಳರಿ.

ಲ್ಯಾಬಿನಲ್ಲಿ ಅಳೆದು ನೋಡೋ ಆಸೆ ಇದ್ದವರಿಗೆ ಒಂದು ಮಾತು. ಒಂದೇ ಸುರುಳಿಯಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಮಾತ್ರ ಚಳಿಗೆ ಕಳಿಸಿ. ನಾಲ್ಕು ತಂತಿಯ ವಿಧಾನದಲ್ಲೇ ಅಳೀರಿ, ಇಲ್ಲದಿದ್ದರೆ ಕ್ಲಿಪ್ಪಿನ ರೋಧವೇ ಲೆಕ್ಕ ಕೆಡಿಸ್ತದೆ. ಎರಡೂ ತುಂಡುಗಳು ಒಂದೇ ಎಣ್ಣೆ ತೊಟ್ಟಿಯಲ್ಲಿ ಇರಲಿ. ಕಿಟಕಿ ಕಡೆಯ ತುಂಡು ಒಂದು ಡಿಗ್ರಿ ಬೆಚ್ಚಗಾದರೂ ನೀವು ಹುಡುಕೋ ಅಂತರಕ್ಕಿಂತ ದೊಡ್ಡ ತಪ್ಪು ಬಂದೀತು.